ಪ್ರಿಂಟರಿನ ಕಾಟ: ಬೇರುಸಹಿತ ತೆಗೆದು ಮರಳಿ ನೆಡುವ ಬಗೆ

ಪ್ರಿಂಟರು ಹಟ ಹಿಡಿಯಿತೆಂಬ ಒಂದೇ ಕಾರಣಕ್ಕೆ ಇಡೀ ಗಣಕಯಂತ್ರವನ್ನು ಅಳಿಸಿ ಹೊಸದಾಗಿ ಸಿದ್ಧಗೊಳಿಸುವುದು, ಇಲ್ಲವೆ ಸುಸ್ಥಿತಿಯಲ್ಲಿರುವ ಪ್ರಿಂಟರನ್ನು ಅಟ್ಟಕ್ಕೇರಿಸಿ ಮತ್ತೊಂದನ್ನು ಕೊಂಡುತರುವುದು, ಇವೆರಡೂ ನಮ್ಮ ಸೀಮೆಯ ಕುಟುಂಬಗಳಲ್ಲಿ ವಾಡಿಕೆಯಾಗುತ್ತಿವೆ. ಮೊದಲನೆಯದರಿಂದ ವರ್ಷಾನುಗಟ್ಟಲೆಯ ಲೆಕ್ಕಪತ್ರಗಳು ನಾಶವಾಗುವ ಭಯವುಂಟು. ಎರಡನೆಯದರಿಂದ ಹಣ ವ್ಯರ್ಥವಾಗುತ್ತದೆ. ವಾಸ್ತವವಾಗಿ ಅನೇಕ ಸಂದರ್ಭಗಳಲ್ಲಿ ರೋಗವಿರುವುದು ಪ್ರಿಂಟರಿನಲ್ಲಲ್ಲ. ಗಣಕಯಂತ್ರದೊಳಗೆ ಉಳಿದುಕೊಂಡಿರುವ ಅದರ ಹಳೆಯ ಕುರುಹುಗಳಲ್ಲಿ. ಆ ಕುರುಹುಗಳನ್ನು ಕ್ರಮವರಿತು ಪೂರ್ತಿಯಾಗಿ ತೆಗೆದು, ಪ್ರಿಂಟರನ್ನು ಹೊಸದಾಗಿ ಸ್ಥಾಪಿಸುವ ಬಗೆಯನ್ನು ಈ ತಿಂಗಳು ವಿವರಿಸಬೇಕೆಂದು ನಾವು ಸಂಕಲ್ಪಿಸಿದ್ದೇವೆ.

ಕುಟುಂಬಗಳು ಓದುವ ಮಾಸಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೆ ಎಂದು ಕೆಲವರು ಕೇಳಬಹುದು. ಉಂಟೆಂದೇ ನಮ್ಮ ಅಭಿಪ್ರಾಯ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಜಾರಿಗೆ ಬಂದು ಕೈಬರಹದ ಪಹಣಿಯ ಕಾಲ ಮುಗಿಯಿತು. ಅಂದಿನಿಂದ ರೈತನ ನೆಲದ ದಾಖಲೆಯೆಂದರೆ ಗಣಕಯಂತ್ರದಿಂದ ಹೊರಬಂದ ಹಾಳೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಕ್ವಿಂಟಲಿಗೆ 12,000 ರೂಪಾಯಿಗಳ ಬೆಂಬಲ ಬೆಲೆಯನ್ನು ನಿಗದಿಪಡಿಸಿ, ನಾಫೆಡ್ ಮುಖಾಂತರ ಖರೀದಿಗೆ ನೋಂದಣಿ ನಡೆದಾಗ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತರು ಪಹಣಿ, ಆಧಾರ್, ಬ್ಯಾಂಕ್ ಪುಸ್ತಕಗಳ ಪ್ರತಿಗಳನ್ನು ಹಿಡಿದು ಸಾಲುಗಟ್ಟಿ ನಿಂತದ್ದನ್ನು ಯಾರೂ ಮರೆತಿರಲಾರರು. ಅಂಥ ದಿನ ಹೊತ್ತಿಗೆ ಸರಿಯಾಗಿ ಒಂದು ಹಾಳೆ ಹೊರಬಾರದೆ ಹೋದರೆ ಒಂದು ಸಂಸಾರದ ವರ್ಷದ ದುಡಿಮೆಯೇ ತೂಗಾಡುತ್ತದೆ. ಮಂಡಿಯ ಪಟ್ಟಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಒಂದೇ ದಿನದಲ್ಲಿ ಊರೂರಿಗೆ ಮುಟ್ಟಬೇಕಾದ ಶಿವಗಣಾರಾಧನೆಯ ಆಮಂತ್ರಣ, ಇವೆಲ್ಲವೂ ಈಗ ಆ ಪುಟ್ಟ ಪೆಟ್ಟಿಗೆಯನ್ನೇ ನಂಬಿಕೊಂಡಿವೆ.

ಇನ್ನೊಂದು ಕಾರಣವೂ ಇದೆ. ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಉಚಿತ ನೆರವು 2025ರ ಅಕ್ಟೋಬರ್ 14ರಂದು ನಿಂತಿತು. ಅದರ ಹಿಂದುಮುಂದಿನಲ್ಲಿ ಅನೇಕರು ಇದ್ದ ಯಂತ್ರದಲ್ಲಿಯೇ ವಿಂಡೋಸ್ 11ಕ್ಕೆ ಏರಿದ್ದಾರೆ. ಹೀಗೆ ಏರಿದಾಗ ಹಳೆಯ ಮನೆಯ ಸಾಮಾನುಗಳೆಲ್ಲ ಹೊಸ ಮನೆಗೆ ಬಂದಂತೆ, ಪ್ರಿಂಟರಿನ ಹಳೆಯ ತಂತ್ರಾಂಶವೂ ಜೊತೆಯಲ್ಲಿ ಬರುತ್ತದೆ; ಬಂದು ಹೊಂದಿಕೊಳ್ಳದೆ ಕಾಡುವುದೂ ಉಂಟು.

ಬುಡ ಉಳಿದರೆ ರೋಗವೂ ಉಳಿಯಿತು

ತೆಂಗಿನ ಅಣಬೆ ರೋಗವನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ರೋಗ ಬಡಿದು ಸತ್ತ ಮರವನ್ನು ನೆಲಮಟ್ಟಕ್ಕೆ ಕಡಿದು, ಬುಡವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಹೊಸ ಸಸಿಯನ್ನು ನೆಟ್ಟವರ ಗತಿ ಏನಾಗುತ್ತದೆ? ರೋಗದ ಮೂಲವು ಬುಡದಲ್ಲಿ, ಬೇರಿನಲ್ಲಿ, ಮಣ್ಣಿನಲ್ಲಿ ಉಳಿದಿರುವುದರಿಂದ ಹೊಸ ಸಸಿಗೂ ಅದೇ ಅಪಾಯ. ಆದುದರಿಂದಲೇ ತೋಟಗಾರಿಕೆಯನ್ನು ಬಲ್ಲವರು ಬುಡವನ್ನು ಬೇರುಸಹಿತ ಅಗೆದು ಸುಡಬೇಕೆಂದೂ, ಸುತ್ತ ಕಂದಕ ತೋಡಿ ಉಳಿದ ಮರಗಳಿಂದ ಬೇರ್ಪಡಿಸಬೇಕೆಂದೂ ಹೇಳುತ್ತಾರೆ.

ಪ್ರಿಂಟರಿನ ವಿಷಯದಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಮೇಲಿನ ಕಾಂಡವನ್ನು ಕಡಿಯುವ ಕೆಲಸವಷ್ಟೇ. ಪಟ್ಟಿಯಲ್ಲಿರುವ ಹೆಸರನ್ನು ಅಳಿಸಿ, ತಂತಿಯನ್ನು ಕಿತ್ತು ಮತ್ತೆ ಚುಚ್ಚುತ್ತೇವೆ. ಗಣಕಯಂತ್ರವು ತನ್ನ ಉಗ್ರಾಣದಲ್ಲಿದ್ದ ಅದೇ ಹಾಳಾದ ತಂತ್ರಾಂಶವನ್ನು ತೆಗೆದು ಮತ್ತೆ ತೊಡಿಸುತ್ತದೆ. ಹೆಸರು ಹೊಸದಾಯಿತು, ರೋಗ ಹಳೆಯದೇ ಉಳಿಯಿತು.

ತುರುವೇಕೆರೆಯ ಕಡೆಯ ಓದುಗರೊಬ್ಬರು ನಮಗೆ ಬರೆದಿರುವ ಸಂಗತಿ ಇದಕ್ಕೆ ನಿದರ್ಶನ. ಅವರ ಮನೆಯಲ್ಲಿದ್ದುದು ಒಂದೇ ಪ್ರಿಂಟರು. ಗಣಕಯಂತ್ರದ ಪಟ್ಟಿಯಲ್ಲಿ ಮಾತ್ರ ಅದಕ್ಕೆ ನಾಲ್ಕು ಹೆಸರು. ಒಂದು ಮೂಲ ಹೆಸರು, ಉಳಿದವು ‘ಕಾಪಿ 1’, ‘ಕಾಪಿ 2’, ‘ಕಾಪಿ 3’ ಎಂದು. ಕಳುಹಿಸಿದ ಹಾಳೆಗಳೆಲ್ಲ ಜೀವವಿಲ್ಲದ ಹೆಸರಿಗೆ ಹೋಗಿ ಸಾಲಾಗಿ ನಿಂತಿದ್ದವು. ರಿಪೇರಿಯ ಅಂಗಡಿಯೊಂದರಲ್ಲಿ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಬೇಕೆಂದು ಹೇಳಿ, ಮಾಡಿಯೂ ಕೊಟ್ಟರು. ಪ್ರಿಂಟರು ನಡೆಯಿತು; ಆದರೆ ಆರು ವರ್ಷಗಳ ತೋಟದ ಲೆಕ್ಕ ಹೋಯಿತು. ನಾಲ್ಕು ಹೆಸರುಗಳನ್ನೂ ಅವುಗಳ ಬೇರನ್ನೂ ತೆಗೆಯಲು ಅರ್ಧ ಗಂಟೆ ಸಾಕಾಗಿತ್ತು.

ಪ್ರಿಂಟರು ನೆಲಸುವ ಐದು ನೆಲೆಗಳು

ಗಣಕಯಂತ್ರದೊಳಗೆ ಒಂದು ಪ್ರಿಂಟರು ಐದು ಕಡೆ ನೆಲಸಿರುತ್ತದೆ. ಇವನ್ನು ತಿಳಿದುಕೊಂಡರೆ ಮುಂದಿನ ಕ್ರಮವೆಲ್ಲ ಸುಲಭ.

ಮೊದಲನೆಯದು ಸರದಿಯ ಸಾಲು. ನಾವು ಕಳುಹಿಸಿದ ಪ್ರತಿಯೊಂದು ಹಾಳೆಯೂ ಮೊದಲು ಒಂದು ಕಡತವಾಗಿ ಕಾದು ನಿಲ್ಲುತ್ತದೆ. ಇದನ್ನು ನೋಡಿಕೊಳ್ಳುವ ಕೆಲಸಗಾರನ ಹೆಸರು ‘ಪ್ರಿಂಟ್ ಸ್ಪೂಲರ್’. ಮುದ್ರಣದ ನಡುವೆ ಕರೆಂಟು ಹೋದರೆ ಅರ್ಧ ಕಡತವು ಅಲ್ಲಿಯೇ ಸಿಕ್ಕಿಕೊಂಡು ಹಿಂದಿನವುಗಳನ್ನೆಲ್ಲ ತಡೆದು ನಿಲ್ಲಿಸಬಹುದು. ಕರೆಂಟಿನ ಹೋಗುಬರುವಿಕೆಯುಳ್ಳ ನಮ್ಮ ಹಳ್ಳಿಗಳಲ್ಲಿ ಇದು ಅಪರೂಪವಲ್ಲ.

ಎರಡನೆಯದು ಪಟ್ಟಿಯಲ್ಲಿ ಕಾಣುವ ಹೆಸರು. ಇದು ಕಣ್ಣಿಗೆ ಬೀಳುವ ಕಾಂಡ.

ಮೂರನೆಯದು ‘ಡ್ರೈವರ್’. ಗಣಕಯಂತ್ರದ ಮಾತನ್ನು ಪ್ರಿಂಟರಿಗೆ ತಿಳಿಯುವಂತೆ ಹೇಳುವ ದುಭಾಷಿ ಇದು. ನಮ್ಮ ಪೇಟೆಗಳ ಜೆರಾಕ್ಸ್ ಅಂಗಡಿಗಳಲ್ಲಿ ಬಹುಕಾಲದಿಂದ ಪರಿಚಿತವಾದ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಮುಂತಾದವು ಸ್ವಂತ ಬುದ್ಧಿಯನ್ನು ಅಲ್ಪವಾಗಿಯೇ ಇಟ್ಟುಕೊಂಡ ಯಂತ್ರಗಳು. ಪುಟದ ಚಿತ್ರವನ್ನು ಸಿದ್ಧಪಡಿಸುವ ಶ್ರಮವೆಲ್ಲ ಗಣಕಯಂತ್ರದ ಪಾಲಿನದು. ಲೇಸರ್‌ಜೆಟ್ 1020ರಲ್ಲಂತೂ, ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದರ ಒಳಗಿನ ಕಾರ್ಯಸೂತ್ರವನ್ನು ಗಣಕಯಂತ್ರವೇ ಕಳುಹಿಸಿಕೊಡಬೇಕು. ಇಂಥವುಗಳಲ್ಲಿ ದುಭಾಷಿಯು ಕೆಟ್ಟರೆ ಯಂತ್ರವೂ ಕೆಟ್ಟಂತೆಯೇ ತೋರುವುದು ಸಹಜ.

ನಾಲ್ಕನೆಯದು ಡ್ರೈವರಿನ ಮೂಲಪ್ರತಿಯನ್ನು ವಿಂಡೋಸ್ ತನ್ನಲ್ಲಿ ಬಚ್ಚಿಟ್ಟುಕೊಂಡಿರುವ ಉಗ್ರಾಣ. ನಾವು ಬುಡವೆಂದು ಕರೆದದ್ದು ಇದನ್ನೇ.

ಐದನೆಯದು ‘ಪೋರ್ಟ್’, ಎಂದರೆ ಹಾಳೆಯು ಹೊರಡುವ ಬಾಗಿಲು. ತಂತಿಯ ಪ್ರಿಂಟರಿಗೆ ‘ಯುಎಸ್‌ಬಿ 001’ ಎಂಬಂಥ ಬಾಗಿಲು. ವೈ-ಫೈ ಪ್ರಿಂಟರಿಗೆ 192.168.1.7 ಎಂಬಂಥ ಅಂಕಿಗಳ ವಿಳಾಸ. ತಂತಿಯನ್ನು ಇಂದು ಒಂದು ಕಿಂಡಿಗೆ, ನಾಳೆ ಇನ್ನೊಂದು ಕಿಂಡಿಗೆ ಚುಚ್ಚಿದರೆ, ಗಣಕಯಂತ್ರವು ಕೆಲವು ಪ್ರಿಂಟರುಗಳನ್ನು ಬೇರೆಯೇ ಯಂತ್ರವೆಂದು ಬಗೆದು ‘ಕಾಪಿ 1’ ಎಂದು ಹೆಸರಿಡುತ್ತದೆ. ಹಾಗೆಯೇ ಕರೆಂಟು ಹೋಗಿ ರೌಟರ್ ಮತ್ತೆ ಹತ್ತಿದಾಗ, ಪ್ರಿಂಟರಿಗೆ ಹೊಸ ವಿಳಾಸ ಸಿಕ್ಕಿರಬಹುದು. ಗಣಕಯಂತ್ರವು ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಮೊದಲು ರೋಗನಿಶ್ಚಯ

ರೋಗವನ್ನು ಗುರುತಿಸದೆ ಔಷಧಿ ಕೊಡಬಾರದು. ಪ್ರಿಂಟರನ್ನು ಗಣಕಯಂತ್ರದಿಂದ ಬಿಡಿಸಿ, ಅದರಲ್ಲಿಯೇ ಇರುವ ಗುಂಡಿಗಳಿಂದ ಪರೀಕ್ಷಾ ಪುಟವೊಂದನ್ನು ತೆಗೆಸಿ ನೋಡಬೇಕು. ಯಾವ ಗುಂಡಿಯೆಂಬುದು ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿರುತ್ತದೆ. ಆ ಪುಟ ಸ್ವಚ್ಛವಾಗಿ ಬಂದರೆ ಯಂತ್ರಕ್ಕೆ ಆರೋಗ್ಯವಿದೆ, ದೋಷವು ತಂತಿಯಲ್ಲೋ ಗಣಕಯಂತ್ರದಲ್ಲೋ ಇದೆ ಎಂದರ್ಥ. ಬಾರದಿದ್ದರೆ, ಅಥವಾ ಗೆರೆಗೆರೆಯಾಗಿ ಬಂದರೆ, ಅದು ಇಂಕು, ಟೋನರು, ಹೆಡ್ಡು, ರೋಲರುಗಳ ವಿಷಯ. ತಂತ್ರಾಂಶವನ್ನು ಎಷ್ಟು ಸಲ ತೆಗೆದು ಹಾಕಿದರೂ ಫಲವಿಲ್ಲ.

ಕನ್ನಡದ ವಿಷಯದಲ್ಲಿ ಇನ್ನೊಂದು ವಿವೇಚನೆ ಅವಶ್ಯ. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಕೂರಿಸಲಾಗಿತ್ತು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಹಳೆಯ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಇದಕ್ಕೂ ಪ್ರಿಂಟರಿಗೂ ಸಂಬಂಧವಿಲ್ಲ. ಪರದೆಯ ಮೇಲೆಯೇ ಅಕ್ಷರ ಕೆಟ್ಟಿದ್ದರೆ ಅಕ್ಷರಶೈಲಿಯ ದೋಷ. ಪರದೆಯ ಮೇಲೆ ಸರಿಯಿದ್ದು ಕಾಗದದ ಮೇಲೆ ಮಾತ್ರ ಕೆಟ್ಟರೆ ಡ್ರೈವರಿನ ಮೇಲೆ ಸಂಶಯ ಪಡಬೇಕು. ಈ ಎರಡನೆಯ ಸಂದರ್ಭದಲ್ಲಿ ತುರ್ತಿದ್ದರೆ, ಬರಹವನ್ನು ಪಿಡಿಎಫ್ ಮಾಡಿ, ಅಡೋಬ್ ರೀಡರಿನ ಮುದ್ರಣದ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಎಂಬಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಎಂಬುದನ್ನು ಆರಿಸಿದರೆ ಅಂದಿನ ಕೆಲಸ ಸಾಗೀತು.

ಮಂಡಿಗಳಲ್ಲಿರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳದು ಬೇರೆ ರೀತಿ. ಇಂಗ್ಲಿಷ್ ಅಕ್ಷರಗಳು ಅವುಗಳ ಹೊಟ್ಟೆಯಲ್ಲಿಯೇ ಇರುವುದರಿಂದ ಇಂಗ್ಲಿಷಿನ ಬಿಲ್ಲು ಬೇಗ ಹೊರಬೀಳುತ್ತದೆ. ಕನ್ನಡವನ್ನು ಚುಕ್ಕಿಚುಕ್ಕಿಯಾಗಿ ಚಿತ್ರದಂತೆ ಬಿಡಿಸಬೇಕಾದ್ದರಿಂದ ನಿಧಾನ. ಇಂಥ ಯಂತ್ರಕ್ಕೆ ಯಾರಾದರೂ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಎಂಬ ಡ್ರೈವರನ್ನು ಹಾಕಿದ್ದರೆ ಇಂಗ್ಲಿಷ್ ಮಾತ್ರ ಸರಿಯಾಗಿ ಬಂದು ಕನ್ನಡ ಬಾರದು. ಅಲ್ಲಿ ಬೇಕಾದುದು ಆ ಮಾದರಿಯ ನಿಜವಾದ ಡ್ರೈವರು.

ತೆಗೆಯುವ ಮುನ್ನ

ಹೊಸ ಸಸಿ ಕೈಗೆ ಬರುವ ಮೊದಲು ಹಳೆಯದನ್ನು ಕೀಳಬಾರದು. ಪ್ರಿಂಟರಿನ ಮುಖದ ಮೇಲೋ ಬೆನ್ನಿನ ಮೇಲೋ ಇರುವ ಮಾದರಿಯ ಹೆಸರನ್ನು ಅಕ್ಷರ, ಅಂಕಿ ತಪ್ಪದಂತೆ ಬರೆದುಕೊಳ್ಳಬೇಕು. ಗಣಕಯಂತ್ರದ ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಂ’, ಅದರಲ್ಲಿ ‘ಅಬೌಟ್’ ಎಂಬಲ್ಲಿ ವಿಂಡೋಸ್ ಯಾವುದು, 32 ಬಿಟ್ಟೋ 64 ಬಿಟ್ಟೋ ಎಂಬುದನ್ನು ನೋಡಿಕೊಳ್ಳಬೇಕು. ವಿಂಡೋಸ್ 11 ಇರುವುದು 64 ಬಿಟ್ಟಿನಲ್ಲಿ ಮಾತ್ರ. 32 ಬಿಟ್ಟಿನ ಡ್ರೈವರು ಅದಕ್ಕೆ ಒಗ್ಗದು. ಬಳಿಕ ಪ್ರಿಂಟರನ್ನು ತಯಾರಿಸಿದ ಸಂಸ್ಥೆಯ ಅಧಿಕೃತ ತಾಣದಿಂದಲೇ ಡ್ರೈವರನ್ನು ಇಳಿಸಿ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಕಾಗದದ ಅಳತೆ ಮುಂತಾಗಿ ನೀವು ಹೊಂದಿಸಿಕೊಂಡಿರುವ ಆಯ್ಕೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಉದ್ದಕ್ಕೆ ಮಡಿಕೆಯಾದ ಕಾಗದದಲ್ಲಿ ಬಿಲ್ಲು ತೆಗೆಯುವ ಮಂಡಿಯವರಿಗೆ ಇದು ಬಹಳ ಮುಖ್ಯ, ಏಕೆಂದರೆ ಪ್ರಿಂಟರಿನ ಹೆಸರಿನೊಡನೆ ಆ ಆಯ್ಕೆಗಳೂ ಹೋಗುತ್ತವೆ. ಗಣಕಯಂತ್ರದ ಆಡಳಿತಗಾರನ ಪಾಸ್‌ವರ್ಡ್ ತಿಳಿದಿರಬೇಕು. 2021ರಲ್ಲಿ ಪ್ರಿಂಟ್ ಸ್ಪೂಲರಿನಲ್ಲಿ ದೊಡ್ಡ ಭದ್ರತಾ ಲೋಪವೊಂದು ಬಯಲಾದ ಮೇಲೆ, ಅದೇ ವರ್ಷದ ಆಗಸ್ಟಿನಿಂದ ಇನ್ನೊಂದು ಯಂತ್ರದಲ್ಲಿ ಹಂಚಿಕೊಂಡಿರುವ ಪ್ರಿಂಟರಿನ ಡ್ರೈವರನ್ನು ಹಾಕಲು ಆಡಳಿತಗಾರನ ಅಧಿಕಾರ ಬೇಕೆಂದು ಮೈಕ್ರೋಸಾಫ್ಟ್ ವಿಧಿಸಿತು. ಕಛೇರಿಗಳಲ್ಲಿ ಹಿಂದೆ ಕೇಳದಿದ್ದ ಪಾಸ್‌ವರ್ಡನ್ನು ಈಗ ಕೇಳುವುದೇಕೆಂಬ ಪ್ರಶ್ನೆಗೆ ಇದೇ ಉತ್ತರ.

ತೆಗೆಯುವ ಕ್ರಮ

ಕೆಲಸ ಮಾಡುತ್ತಿರುವ ಬರಹಗಳನ್ನೆಲ್ಲ ಉಳಿಸಿ ಮುಚ್ಚಿರಿ. ಪ್ರಿಂಟರಿನ ಸ್ವಿಚ್ ಆರಿಸಿ, ತಂತಿಯಿದ್ದರೆ ಗಣಕಯಂತ್ರದಿಂದ ಕಿತ್ತಿಡಿರಿ. ತಂತಿಯು ಸೇರಿಕೊಂಡೇ ಇದ್ದರೆ ನಾವು ಒಂದು ಕಡೆ ತೆಗೆಯುತ್ತಿರುವಾಗ ಗಣಕಯಂತ್ರವು ಇನ್ನೊಂದು ಕಡೆ ಸೇರಿಸುತ್ತಿರುತ್ತದೆ.

ಮೊದಲು ಸರದಿಯ ಸಾಲನ್ನು ಬರಿದು ಮಾಡಬೇಕು. ಹಾಳೆಗಳು ಕಾದಿರುವಾಗ ಪ್ರಿಂಟರಿನ ಹೆಸರು ಅಳಿಯಲು ಒಪ್ಪದೆ, ‘ತೆಗೆಯಲಾಗುತ್ತಿದೆ’ ಎಂಬ ಸ್ಥಿತಿಯಲ್ಲಿಯೇ ನಿಂತುಬಿಡುವುದುಂಟು. ಹುಡುಕುವ ಪಟ್ಟಿಯಲ್ಲಿ ‘ಸರ್ವಿಸಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಉದ್ದನೆಯ ಯಾದಿ ತೆರೆಯುತ್ತದೆ. ಅದರಲ್ಲಿ ‘ಪ್ರಿಂಟ್ ಸ್ಪೂಲರ್’ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸ್ಟಾಪ್’ ಎನ್ನಬೇಕು. ಆಮೇಲೆ ಸಿ ಡ್ರೈವ್, ಅದರೊಳಗೆ ‘ವಿಂಡೋಸ್’, ಅದರೊಳಗೆ ‘ಸಿಸ್ಟಂ 32’, ಅದರೊಳಗೆ ‘ಸ್ಪೂಲ್’, ಅದರೊಳಗೆ ‘ಪ್ರಿಂಟರ್ಸ್’ ಎಂಬ ಕೋಣೆಯನ್ನು ತೆರೆದು, ಒಳಗಿರುವ ಕಡತಗಳನ್ನು ಮಾತ್ರ ಅಳಿಸಬೇಕು, ಕೋಣೆಯನ್ನು ಅಳಿಸಬಾರದು. ಮತ್ತೆ ಯಾದಿಗೆ ಬಂದು ಸ್ಪೂಲರನ್ನು ‘ಸ್ಟಾರ್ಟ್’ ಮಾಡಬೇಕು. ಇದನ್ನು ಮರೆತರೆ ಗಣಕಯಂತ್ರವು ಯಾವ ಪ್ರಿಂಟರಿಗೂ ಹಾಳೆ ಕಳುಹಿಸದು. ಅನೇಕ ಸಲ ಇಷ್ಟರಿಂದಲೇ ರೋಗ ವಾಸಿಯಾಗುತ್ತದೆ. ಆದುದರಿಂದ ಈ ಘಟ್ಟದಲ್ಲಿ ಒಮ್ಮೆ ತಂತಿ ಸೇರಿಸಿ ಪರೀಕ್ಷಿಸಿ ನೋಡುವುದು ಜಾಣತನ. ಆಗದಿದ್ದರೆ ತಂತಿಯನ್ನು ಕಿತ್ತು ಮುಂದುವರಿಯಬೇಕು.

ಎರಡನೆಯದಾಗಿ, ‘ಸೆಟ್ಟಿಂಗ್ಸ್’ನಲ್ಲಿ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ ಎಂಬುದನ್ನು ತೆರೆದು, ಆ ಮಾದರಿಯ ಹೆಸರುಳ್ಳ ಎಲ್ಲವನ್ನೂ, ‘ಕಾಪಿ’ಗಳ ಸಮೇತ, ಒಂದೊಂದಾಗಿ ‘ರಿಮೂವ್’ ಮಾಡಬೇಕು. ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬುದು ಅಲ್ಲಿರುತ್ತದೆ. ಅದು ನಿರಪಾಯಿ, ಇರಲಿ.

ಮೂರನೆಯದಾಗಿ, ಪ್ರಿಂಟರಿನ ಕಂಪನಿಯು ಜೊತೆಗೆ ತುಂಬಿಸಿದ ಇತರ ತಂತ್ರಾಂಶಗಳನ್ನು ‘ಸೆಟ್ಟಿಂಗ್ಸ್’ನ ‘ಆ್ಯಪ್ಸ್’ ಎಂಬಲ್ಲಿ ಹುಡುಕಿ ‘ಅನ್‌ಇನ್‌ಸ್ಟಾಲ್’ ಮಾಡಬೇಕು. ಸ್ಕ್ಯಾನ್ ಮಾಡುವ, ಇಂಕಿನ ಮಟ್ಟ ತೋರಿಸುವ ತಂತ್ರಾಂಶಗಳು ಇವು. ಒಂದೇ ಕಂಪನಿಯ ಬೇರೊಂದು ಯಂತ್ರ ಮನೆಯಲ್ಲಿದ್ದರೆ ಅದರದನ್ನು ಮುಟ್ಟದಂತೆ ಎಚ್ಚರ ವಹಿಸಬೇಕು.

ನಾಲ್ಕನೆಯದೇ ಬುಡ ಕೀಳುವ ಹಂತ. ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ‘ಆರ್’ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ‘ಪ್ರಿಂಟ್‌ಯುಐ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಬರೆದು, ಒಂದು ತೆರಪು ಬಿಟ್ಟು, ಬಲಕ್ಕೆ ಏರುವ ಓರೆಗೆರೆ ಮತ್ತು ‘ಎಸ್’, ಮತ್ತೊಂದು ತೆರಪು, ಪುನಃ ಓರೆಗೆರೆ, ‘ಟಿ’ ಮತ್ತು 2 ಎಂದು ಬರೆದು ಎಂಟರ್ ಒತ್ತಬೇಕು. ಡ್ರೈವರುಗಳ ಪಟ್ಟಿ ತೆರೆಯುತ್ತದೆ. ನಮ್ಮ ಮಾದರಿಯನ್ನು ಆರಿಸಿ ‘ರಿಮೂವ್’ ಎಂದರೆ ಎರಡು ಆಯ್ಕೆಗಳು ಬರುತ್ತವೆ: ಡ್ರೈವರನ್ನು ಮಾತ್ರ ತೆಗೆಯುವುದು ಒಂದು, ಡ್ರೈವರಿನೊಡನೆ ಅದರ ‘ಪ್ಯಾಕೇಜ್’ ಅನ್ನೂ ತೆಗೆಯುವುದು ಇನ್ನೊಂದು. ನಾವು ಆರಿಸಬೇಕಾದುದು ಎರಡನೆಯದನ್ನು. ಉಗ್ರಾಣದ ಮೂಲಪ್ರತಿ ಹೋಗುವುದು ಅದರಿಂದಲೇ.

ಡ್ರೈವರು ಬಳಕೆಯಲ್ಲಿದೆ, ತೆಗೆಯಲಾಗದು ಎಂಬ ಉತ್ತರ ಬಂದರೆ ಧೃತಿಗೆಡಬೇಕಾಗಿಲ್ಲ. ಅದೇ ಡ್ರೈವರನ್ನು ಹಿಡಿದಿರುವ ಇನ್ನೊಂದು ಹೆಸರು ಪಟ್ಟಿಯಲ್ಲಿ ಉಳಿದಿದೆಯೇ ಎಂದು ನೋಡಬೇಕು. ಇಲ್ಲವಾದರೆ ಸ್ಪೂಲರನ್ನು ಒಮ್ಮೆ ನಿಲ್ಲಿಸಿ, ಮತ್ತೆ ನಡೆಸಿ, ತಡಮಾಡದೆ ಪುನಃ ‘ರಿಮೂವ್’ ಮಾಡಿದರೆ ಸಾಮಾನ್ಯವಾಗಿ ಒಪ್ಪುತ್ತದೆ.

ಐದನೆಯದಾಗಿ, ವೈ-ಫೈ ಅಥವಾ ಜಾಲದ ಪ್ರಿಂಟರಾಗಿದ್ದರೆ ಅದೇ ಕಿಟಕಿಯ ‘ಪೋರ್ಟ್ಸ್’ ಎಂಬ ಭಾಗದಲ್ಲಿ ಅದರ ಹಳೆಯ ವಿಳಾಸವನ್ನು ಅಳಿಸಬೇಕು. ಎಲ್‌ಪಿಟಿ, ಕಾಮ್, ಫೈಲ್ ಎಂಬ ಹೆಸರಿನವು ಮೊದಲಿನಿಂದಲೂ ಇರತಕ್ಕವು; ಅವನ್ನು ಮುಟ್ಟಬಾರದು. ತಂತಿಯ ಪ್ರಿಂಟರಾಗಿದ್ದರೆ ‘ಡಿವೈಸ್ ಮ್ಯಾನೇಜರ್’ ತೆರೆದು, ‘ವ್ಯೂ’ ಎಂಬಲ್ಲಿ ಅಡಗಿರುವ ಸಾಧನಗಳನ್ನೂ ತೋರಿಸೆಂದು ಆರಿಸಿ, ‘ಪ್ರಿಂಟ್ ಕ್ಯೂಸ್’ ಎಂಬುದರ ಅಡಿಯಲ್ಲಿ ಮಂಕಾಗಿ ಕಾಣುವ ಆ ಮಾದರಿಯ ಹೆಸರುಗಳನ್ನು ತೆಗೆಯಬೇಕು.

‘ರಿಜಿಸ್ಟ್ರಿ’ ಎಂಬ ಇನ್ನೂ ಆಳದ ಸ್ಥಳಕ್ಕೆ ಇಳಿದು ಕೈಯಾರೆ ಅಳಿಸಬೇಕೆಂದು ಕೆಲವರು ಸಲಹೆ ನೀಡುವುದುಂಟು. ಮನೆಮಂದಿ ಅದಕ್ಕೆ ಕೈಹಾಕದಿರುವುದು ಲೇಸು. ಅಲ್ಲಿ ಒಂದು ಸಾಲು ತಪ್ಪಿ ಅಳಿದರೆ ಗಣಕಯಂತ್ರವೇ ಏಳದೆ ಹೋಗಬಹುದು.

ಕೊನೆಗೆ ಗಣಕಯಂತ್ರವನ್ನು ‘ರೀಸ್ಟಾರ್ಟ್’ ಮಾಡಬೇಕು. ‘ಶಟ್ ಡೌನ್’ ಮಾಡಿ ಸ್ವಿಚ್ ಹಾಕುವುದು ಇದಕ್ಕೆ ಸಮನಲ್ಲ. ಬೇಗ ಏಳುವ ಅನುಕೂಲಕ್ಕಾಗಿ ವಿಂಡೋಸ್ ಮುಚ್ಚುವಾಗ ತನ್ನ ಸ್ಥಿತಿಯ ಒಂದು ಭಾಗವನ್ನು ಹಾಗೆಯೇ ಕಾದಿಡುವುದರಿಂದ, ಪೂರ್ತಿ ಹೊಸ ಆರಂಭ ದೊರೆಯುವುದು ‘ರೀಸ್ಟಾರ್ಟ್’ನಿಂದ ಮಾತ್ರ.

ಮರಳಿ ನೆಡುವ ಕ್ರಮ

ಇಲ್ಲಿ ಲಕ್ಷಿಸಬೇಕಾದ ಸೂತ್ರವೊಂದೇ: ಮೊದಲು ತಂತ್ರಾಂಶ, ಆಮೇಲೆ ತಂತಿ. ಪೆನ್ ಡ್ರೈವಿನಲ್ಲಿಟ್ಟ ಡ್ರೈವರನ್ನು ತೆರೆದು ಅದು ಹೇಳಿದಂತೆ ನಡೆಯಬೇಕು. ಪ್ರಿಂಟರನ್ನು ಈಗ ಸೇರಿಸಿ ಎಂದು ಅದು ಕೇಳಿದಾಗ ತಂತಿ ಚುಚ್ಚಿ ಸ್ವಿಚ್ ಹಾಕಬೇಕು. ಆತುರಪಟ್ಟು ಮೊದಲೇ ಚುಚ್ಚಿದರೆ ವಿಂಡೋಸ್ ತನಗೆ ತೋಚಿದ ಯಾವುದೋ ಡ್ರೈವರನ್ನು ಹಾಕಿಬಿಡಬಹುದು. ಒಮ್ಮೆ ಚುಚ್ಚಿದ ಕಿಂಡಿಯ ಪಕ್ಕದಲ್ಲಿ ಒಂದು ಗುರುತು ಹಚ್ಚಿ, ಎಂದೆಂದಿಗೂ ಅದೇ ಕಿಂಡಿಯನ್ನು ಬಳಸುವುದು ಒಳ್ಳೆಯ ಅಭ್ಯಾಸ.

ವೈ-ಫೈ ಪ್ರಿಂಟರಾದರೆ ಅದೂ ಗಣಕಯಂತ್ರವೂ ಒಂದೇ ರೌಟರಿನಲ್ಲಿರಬೇಕು. ಅನೇಕ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲವು. 5 ಗಿಗಾಹರ್ಟ್ಸಿನ ಹೆಸರನ್ನು ಅವು ಕಾಣಲಾರವು. ರೌಟರಿನಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯಂ ಆಗಿ ಕಾದಿರಿಸಿದರೆ, ಕರೆಂಟು ಎಷ್ಟು ಸಲ ಹೋಗಿ ಬಂದರೂ ಬಾಗಿಲು ಬದಲಾಗದು.

ಇಷ್ಟಾದ ಮೇಲೆ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ನಲ್ಲಿ, ಮುಖ್ಯ ಪ್ರಿಂಟರನ್ನು ವಿಂಡೋಸ್ ತಾನೇ ಆರಿಸುವ ಆಯ್ಕೆಯನ್ನು ನಿಲ್ಲಿಸಿ, ನಮ್ಮದನ್ನು ‘ಡಿಫಾಲ್ಟ್’ ಮಾಡಬೇಕು. ಇಲ್ಲವಾದರೆ ಕೊನೆಯಲ್ಲಿ ಬಳಸಿದ್ದೇ ಮುಖ್ಯವಾಗಿ, ಹಾಳೆಯು ಪಿಡಿಎಫ್ ಕಡೆಗೆ ಹೋದೀತು. ಪರೀಕ್ಷಾ ಪುಟವೊಂದನ್ನು, ಅನಂತರ ಕನ್ನಡದ ಪುಟವೊಂದನ್ನು ತೆಗೆದು, ಚೀಟಿಯಲ್ಲಿ ಬರೆದಿಟ್ಟ ಅಳತೆಗಳನ್ನು ಮತ್ತೆ ಹೊಂದಿಸಿದರೆ ಕೆಲಸ ಮುಗಿಯಿತು.

ಡ್ರೈವರಿನ ಪ್ರತಿಯನ್ನು ಮಾತ್ರ ಅಳಿಸಬಾರದು. ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಒದಗಿಸುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಹಳೆಯ ಪ್ರಿಂಟರುಳ್ಳವರು ಕಂಪನಿಯ ಮೂಲ ಡ್ರೈವರನ್ನು ಬಿತ್ತನೆಯ ಕಾಯಿಯಂತೆ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

ಒಂದು ಎಚ್ಚರಿಕೆ

ಪ್ರಿಂಟರು ಕೈಕೊಟ್ಟ ಗಾಬರಿಯಲ್ಲಿ ಅನೇಕರು ಕಂಪನಿಯ ಸಹಾಯವಾಣಿಯನ್ನು ಮೊಬೈಲಿನಲ್ಲಿ ಹುಡುಕಿ, ಮೊದಲು ಸಿಕ್ಕಿದ ಸಂಖ್ಯೆಗೆ ಕರೆ ಮಾಡುತ್ತಾರೆ. ಇಂಥ ಹೆಸರಿನಲ್ಲಿ ವಂಚಕರೂ ಬಲೆ ಬೀಸಿ ಕುಳಿತಿರುತ್ತಾರೆ. ದೂರದಿಂದಲೇ ಸರಿಪಡಿಸುತ್ತೇವೆಂದು ನಂಬಿಸಿ, ನಮ್ಮ ಪರದೆಯನ್ನು ಅವರ ವಶಕ್ಕೆ ಕೊಡುವ ತಂತ್ರಾಂಶವನ್ನು ನಮ್ಮ ಕೈಯಿಂದಲೇ ಹಾಕಿಸುತ್ತಾರೆ. ಬಳಿಕ ಅಲ್ಪ ಶುಲ್ಕವೆಂದು ಹೇಳಿ ಬ್ಯಾಂಕಿನ ವಿವರಗಳನ್ನು ಕಸಿಯುತ್ತಾರೆ. ಸಹಾಯವಾಣಿಯ ಸಂಖ್ಯೆಯನ್ನು ಪ್ರಿಂಟರಿನ ಪುಸ್ತಿಕೆಯಿಂದಲೋ ಅಧಿಕೃತ ತಾಣದಿಂದಲೋ ಮಾತ್ರ ತೆಗೆದುಕೊಳ್ಳಬೇಕು. ಒ.ಟಿ.ಪಿ.ಯನ್ನು ಯಾರಿಗೂ ಹೇಳಬಾರದು. ಮೋಸಹೋದುದು ತಿಳಿದೊಡನೆ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಹಿಂದಿರುಗುವ ಆಸೆ ಕ್ಷೀಣಿಸುತ್ತದೆ. ಎಲ್ಲ ಡ್ರೈವರುಗಳನ್ನೂ ತಾನೇ ಸರಿಪಡಿಸುವೆನೆಂದು ಸಾರುವ ಅಪರಿಚಿತ ತಂತ್ರಾಂಶಗಳನ್ನೂ ದೂರವಿಡುವುದು ಕ್ಷೇಮ.

ಇಷ್ಟೆಲ್ಲ ಮಾಡಿಯೂ ಫಲ ಕಾಣದಿದ್ದರೆ, ಪ್ರಿಂಟರನ್ನು ನೆರೆಯವರ ಗಣಕಯಂತ್ರಕ್ಕೆ ಸೇರಿಸಿ ನೋಡಬೇಕು. ಅಲ್ಲಿಯೂ ನಡೆಯದಿದ್ದರೆ ಆಗ ಯಂತ್ರವನ್ನೇ ರಿಪೇರಿಗೆ ಒಯ್ಯಬಹುದು. ಗಣಕಯಂತ್ರವನ್ನು ಅಳಿಸಲೇಬೇಕೆಂದು ಯಾರಾದರೂ ಹೇಳಿದರೆ, ಲೆಕ್ಕಪತ್ರ, ಭಾವಚಿತ್ರ, ನುಡಿ ಕಡತಗಳೆಲ್ಲದರ ಪ್ರತಿಯನ್ನು ತೆಗೆದುಕೊಳ್ಳುವ ತನಕ ಒಪ್ಪಿಗೆ ಕೊಡಬಾರದು.

ಈ ಪುಟವನ್ನು ಕತ್ತರಿಸಿ ಪ್ರಿಂಟರಿನ ಪುಸ್ತಿಕೆಯೊಳಗೆ ಇರಿಸಿಕೊಂಡರೆ ಒಳಿತು. ಮನೆಯಲ್ಲಿ ಓದುವ ಮಗುವೊಂದು ಸಾಲುಸಾಲಾಗಿ ಓದಿ ಹೇಳುತ್ತಿರಲಿ, ಹಿರಿಯರೊಬ್ಬರು ಹಾಗೆಯೇ ಮಾಡುತ್ತ ಹೋಗಲಿ. ಇಬ್ಬರೂ ಒಟ್ಟಿಗೆ ಕಲಿತಂತಾಗುತ್ತದೆ. ಒಮ್ಮೆ ಕಲಿತವರು ನೆರೆಹೊರೆಯ ಮನೆಗೂ ಹೋಗಿ ಮಾಡಿಕೊಟ್ಟರೆ, ಕೊಬ್ಬರಿಯ ಹಂಗಾಮು ಬಂದಾಗ ಒಂದು ಹಾಳೆಗಾಗಿ ಯಾರೂ ಸಾಲಿನಿಂದ ಹಿಂದಿರುಗಬೇಕಾಗದು.